ಹೊಗೆಯಲ್ಲಿ ಹಾಲು ಕಾಯಿಸಿದ್ದು

ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ನಮ್ಮ ಆಲೆಮನೆ ಒಲೆಯನ್ನು ಮೂರು ಸಲ ಒಡೆದು ಕಟ್ಟಿದ್ದೇನೆ. ಮೂರನೇದು ಕೆಲಸ ಮಾಡಿತು. ಮೊದಲ ಎರಡಕ್ಕೆ ಪಾಂಡವಪುರದ ಸಂತೆವರೆಗೂ ಜನ ನಕ್ಕಿದ್ದರು. "ಹೊಗೇಲಿ ಹಾಲು ಕಾಯ್ಸೋಕ್ ಹೊಂಟವ್ನೆ ನಮ್ ಹುಡ್ಗ" ಅಂತ ಚಿಕ್ಕಪ್ಪನೇ ಟೀ ಅಂಗಡಿಯಲ್ಲಿ ಹೇಳಿಕೊಂಡು ಓಡಾಡಿದರು. ಅವರು 40 ವರ್ಷ ಗಾಣ ಆಡಿಸಿದವರು. ಜನ ಯಾರ ಮಾತು ನಂಬುತ್ತಾರೆ ಹೇಳಿ.

ಗಾಣ ಇಟ್ಟವರಿಗೆ ತಾಪತ್ರಯ ಗೊತ್ತೇ ಇದೆ. ಹಾಲು ಕಾಯಿಸುವ ದೊಡ್ಡ ಪಾತ್ರೆಯೇ ಕೊಪ್ಪರಿಗೆ. ಒಂದು ಕೊಪ್ಪರಿಗೆಗೆ ಸುಮಾರು 1.5 ಟನ್ ಕಬ್ಬು, 900 ಲೀಟರ್ ಹಾಲು, 150 ಕೆಜಿ ಬೆಲ್ಲ. ಹಳೇ ಥರದ ಒಲೆಯಲ್ಲಿ ಆ ಕಬ್ಬಿನ ರಚ್ಚು, ಅಂದರೆ ಹಾಲು ಹಿಂಡಿ ಮಿಕ್ಕ ಸಿಪ್ಪೆ, ಆ ಕೊಪ್ಪರಿಗೆಗೇ ಸಾಲದು. ಮೇಲೆ 500 ರೂಪಾಯಿ ಸೌದೆ ಬೇಕು. ದಿನಕ್ಕೆ 3 ಕೊಪ್ಪರಿಗೆ ಇಳಿಸಿದರೆ ಲೆಕ್ಕ ನೀವೇ ಹಾಕಿ. ಕೆಲವರು ಹಳೇ ಟೈರ್ ಹಾಕುತ್ತಾರೆ. ಆ ಬೆಲ್ಲವನ್ನು ನಾನಂತೂ ಮನೆ ಮಕ್ಕಳಿಗೆ ಕೊಡಲ್ಲ.

ಬಾಯ್ಲರ್ ಕೆಲಸದಲ್ಲಿರುವ ನಮ್ಮ ಭಾವ ಒಂದು ಸಲ ಬಿಸಿ ಅಳೆಯುವ ಮೀಟರ್ ತಂದಿದ್ದರು. ಸುಮ್ನೆ ಹೊಗೆ ಹೋಗುವ ತೂತಿಗೆ ಇಟ್ಟು ನೋಡಿದೆವು. 500 ಡಿಗ್ರಿ ದಾಟಿತು! ಪಾಕ ಇಳಿಸುವುದೇ 118ರ ಆಸುಪಾಸಿನಲ್ಲಿ. ಅಷ್ಟು ಬಿಸಿಯನ್ನು ಆಕಾಶಕ್ಕೆ ಬಿಟ್ಟು ಸೌದೆ ಅಂಗಡಿಗೆ ದುಡ್ಡು ಕಟ್ಟುತ್ತಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲ ಸಲ, ಹೊಗೆಯ ಬಿಸಿಯಲ್ಲೇ ಹಾಲು ಮುಂಚಿತವಾಗಿ ಕಾಯಲಿ ಅಂತ ಹೊಗೆ ದಾರಿಯ ಮೇಲೆ ಎರಡನೇ ಕೊಪ್ಪರಿಗೆ ಕೂರಿಸಿ, ತಗಡಿನ 12 ಅಡಿ ಕೊಳವೆ ನಿಲ್ಲಿಸಿದೆ. 35,000 ಖರ್ಚು. ಒಲೆ ಹಚ್ಚಿದ ಅರ್ಧ ಗಂಟೆಗೆ ಹೊಗೆಯೆಲ್ಲ ಉರಿ ಹಾಕುವವನ ಮುಖಕ್ಕೇ ಬಂತು. ಎರಡನೇ ಕೊಪ್ಪರಿಗೆಯನ್ನು ಆಸೆಯಿಂದ ದೊಡ್ಡದು ಮಾಡಿಸಿದ್ದೆ. ಅದು ಹೊಗೆಯ ಬಿಸಿಯನ್ನೆಲ್ಲ ಹೀರಿತು. ಉಳಿದ ಚೂರು ಬಿಸಿಯನ್ನು ತೆಳ್ಳನೆ ತಗಡು ಗಾಳಿಗೆ ಕೊಟ್ಟಿತು. ತಣ್ಣಗಾದ ಹೊಗೆ ಮೇಲೇಳಲ್ಲ. ಮೇಲೇಳದಿದ್ದರೆ ಕೆಳಗಿಂದ ಒಲೆಗೆ ಗಾಳಿ ಎಳೆಯಲ್ಲ. ಹೊಗೆಯಲ್ಲಿ ಸ್ವಲ್ಪ ಬಿಸಿ ಬಿಡಲೇಬೇಕು, ಅದು ಗಾಳಿ ಎಳೆಯುವ ಕೂಲಿ ಅಂತ ಆಮೇಲೆ ಅರ್ಥವಾಯಿತು. ಈಗ ನಮ್ಮಲ್ಲಿ ಹೊಗೆ 200 ಡಿಗ್ರಿ ಹತ್ತಿರ ಹೊರಗೆ ಹೋಗುತ್ತದೆ. ಅದಕ್ಕಿಂತ ಇಳಿಸಲು ಹೋಗಬೇಡಿ.

ಎರಡನೇ ಸಲ ಇಟ್ಟಿಗೆಯದೇ ಚಿಮಣಿ, 25 ಅಡಿ. ಕೊಪ್ಪರಿಗೆ ಚಿಕ್ಕದು. 60,000 ಆಯಿತು. ಗಾಳಿ ಚೆನ್ನಾಗಿ ಎಳೆಯಿತು, ಹಾಲೂ ಬೆಚ್ಚಗಾಯಿತು. ಬೆಲ್ಲ ಮಾತ್ರ ಕಟ್ಟಲಿಲ್ಲ. ಅಚ್ಚಿನಿಂದ ತೆಗೆದರೆ ಹಲ್ವಾ ಥರ ಕೂತುಬಿಡೋದು. ಮಂಡಿಯವರು ಕೈಯಲ್ಲಿ ಒತ್ತಿ ನೋಡಿ ಪಕ್ಕಕ್ಕೆ ತಳ್ಳಿದರು. ಹಾಲಿಗೆ ಹಾಕುವ ಸುಣ್ಣ ಜಾಸ್ತಿ ಮಾಡಿದೆ, ಕೊಳೆ ತೆಗೆಯುವ ಬೆಂಡೆ ಲೋಳೆ ಜಾಸ್ತಿ ಮಾಡಿದೆ, ಕಬ್ಬು ಬಲಿತಿಲ್ಲ ಅಂತ ಬೇರೆ ಗದ್ದೆಯ 62175 ತಳಿಯ ಕಬ್ಬು ತಂದೆ. ಹತ್ತು ಹನ್ನೆರಡು ಕೊಪ್ಪರಿಗೆ ಹಾಳು. ತಪ್ಪು ಇದ್ದದ್ದು ನನ್ನಲ್ಲೇ. ಮಧ್ಯಾಹ್ನ ಗಾಣ ನಿಂತಾಗ ಹಾಲನ್ನು ಆ ಬೆಚ್ಚಗಿನ ಕೊಪ್ಪರಿಗೆಯಲ್ಲೇ ಬಿಡುತ್ತಿದ್ದೆವು. ಉಗುರು ಬೆಚ್ಚಗೆ ಮೂರು ನಾಲ್ಕು ಗಂಟೆ ನಿಂತರೆ ಹಾಲು ಹುಳಿ ತಿರುಗುತ್ತದೆ, ಸಕ್ಕರೆ ಒಡೆಯುತ್ತದೆ. ಈಗ ಅಲ್ಲಿ ಹಾಲು ನಿಲ್ಲುವ ಮಾತೇ ಇಲ್ಲ. ಬಂದ ಹಾಲು ಸೀದಾ 75, 80 ಡಿಗ್ರಿಗೆ ಏರಬೇಕು, ದೊಡ್ಡ ಕೊಪ್ಪರಿಗೆಗೆ ಇಳಿಯಬೇಕು. ಗಾಣ ನಿಂತರೆ ಅಲ್ಲಿಗೆ ನೀರು ಹೊಯ್ಯುತ್ತೇವೆ. ಕೆಲಸದ ಹುಡುಗರಿಗೆ ಸ್ನಾನಕ್ಕೆ ಆಗುತ್ತದೆ.

ಇಲ್ಲಿ ಒಂದು ನಿಜ ಹೇಳಬೇಕು. ಎರಡನೇ ಕೊಪ್ಪರಿಗೆಯಿಂದಲೇ ಎಲ್ಲ ಉಳಿಯಿತು ಅಂದರೆ ಸುಳ್ಳು. ಒಂದು ಲೀಟರ್ ನೀರನ್ನು 30ರಿಂದ 100 ಡಿಗ್ರಿಗೆ ತರಲು 70 ಕಿಲೋ ಕ್ಯಾಲೊರಿ ಸಾಕು. ಅದೇ ನೀರನ್ನು ಆವಿ ಮಾಡಲು ಇನ್ನೂ 540 ಬೇಕು. ನಮ್ಮದು 750 ಲೀಟರ್ ನೀರು ಹಾರಿಸುವ ಕೆಲಸ ಅಲ್ವಾ? ಹಾಗಾಗಿ ದೊಡ್ಡ ಉಳಿತಾಯ ದೊಡ್ಡ ಕೊಪ್ಪರಿಗೆಯ ಕೆಳಗೇ ಆಗಬೇಕು.

ಮೂರನೇ ಸಲ ಅಲ್ಲಿಗೇ ಕೈ ಹಾಕಿದೆ. ಮುಂಚೆ ರಚ್ಚು ನೆಲದ ಮೇಲೆ ಉರಿಯುತ್ತಿತ್ತು, ಅರ್ಧ ಕರಿ ಹೊಗೆ. ಈಗ ಕಂಬಿ ಹಾಸಿ ಕೆಳಗೆ ಬೂದಿ ಗುಂಡಿ ಬಿಟ್ಟೆ, ಗಾಳಿ ಅಡಿಯಿಂದ ಬರುತ್ತದೆ. ಮೊದಲು ಹಾಕಿದ್ದ ಮಾಮೂಲಿ ಸರಳು ಎರಡೇ ವಾರಕ್ಕೆ ಬಾಗಿತು. ಗುಜರಿಯಲ್ಲಿ ದಪ್ಪ ಎರಕದ ಕಂಬಿ ಸಿಕ್ಕವು, ಇವತ್ತಿಗೂ ಅವೇ ಇವೆ. ರಚ್ಚು ತುರುಕುವ ಬಾಯಿಗೆ ತಗಡಿನ ಬಾಗಿಲು. ಅದು ತೆರೆದಿದ್ದರೆ ತಣ್ಣನೆ ಗಾಳಿ ಒಳಗೆ ನುಗ್ಗಿ ಉರಿಯನ್ನೇ ತಣಿಸುತ್ತದೆ. ಗೋಡೆ ಎರಡು ಸುತ್ತು, ನಡುವೆ ಭತ್ತದ ಹೊಟ್ಟಿನ ಬೂದಿ. ಮುಂಚೆ ಆ ಗೋಡೆಗೆ ಬೆನ್ನು ಕೊಡಲಾಗುತ್ತಿರಲಿಲ್ಲ, ಈಗ ಬೆಕ್ಕು ಒರಗಿಕೊಂಡು ಮಲಗುತ್ತದೆ.

ಕೊಪ್ಪರಿಗೆಯ ತಳಕ್ಕೆ ಮಸಿ ಕಟ್ಟಲು ಬಿಡಬೇಡಿ. ಬೆರಳ ದಪ್ಪ ಮಸಿ ಅಂದರೆ ತಳಕ್ಕೆ ಕಂಬಳಿ ಹೊದೆಸಿದ ಹಾಗೆ. ವಾರಕ್ಕೊಮ್ಮೆ ತಂತಿ ಬ್ರಷ್ ಹಾಕಿಸುತ್ತೇನೆ, ಹುಡುಗರು ಬೈಕೊಂಡೇ ಮಾಡುತ್ತಾರೆ. ಉರಿಯ ನಾಲಿಗೆ ತಳಕ್ಕೆ ತಾಗಿ ಸವರುತ್ತಿದ್ದರೆ ಮಸಿ ಬೇಗ ಹಿಡಿಯುತ್ತದೆ. ಕಂಬಿಗೂ ತಳಕ್ಕೂ ನಡುವೆ ಎಷ್ಟು ಜಾಗ ಬೇಕು ಅನ್ನುವುದನ್ನು ನೀವೇ ಏರಿಸಿ ಇಳಿಸಿ ನೋಡಿ. ಹೊಗೆ ಎರಡನೇ ಕೊಪ್ಪರಿಗೆಗೆ ತಿರುಗುವ ಕಡೆ ಒಂದು ಇಕ್ಕಟ್ಟು ಬಿಟ್ಟಿದ್ದೇನೆ. ಅದರ ಅಳತೆ ಕೇಳಬೇಡಿ, ಅದಕ್ಕೆ ನಾನು ಒಂದು ಸೀಸನ್ ಕೊಟ್ಟಿದ್ದೇನೆ.

ನಡುವೆ ಅಚ್ಚಿನ ಹುಚ್ಚೂ ಹಿಡಿದಿತ್ತು. ಮರದ ಅಚ್ಚಿನ ಬದಲು ಸ್ಟೀಲ್ ಅಚ್ಚು ಮಾಡಿಸಿ ಒದ್ದೆ ನೆಲದ ಮೇಲಿಟ್ಟೆ, ಬೇಗ ಆರಲಿ ಅಂತ. ಸ್ಟೀಲು ಬಿಸಿಯನ್ನು ಸರ್ರನೆ ಎಳೆದುಕೊಂಡಿತು. ಮೇಲೆ ಕಲ್ಲು, ಒಳಗೆ ಪಾಕ. ಮರ ನಿಧಾನವಾಗಿ ಬಿಡುತ್ತದೆ, ಬೆಲ್ಲ ಒಳಗೂ ಹೊರಗೂ ಒಂದೇ ಸಮ ಕಟ್ಟುತ್ತದೆ. ಆ 4,000 ಹೋಯಿತು, ಆ ಸ್ಟೀಲ್ ಈಗ ಕೋಳಿ ಗೂಡಿನ ಬಾಗಿಲು.

ಮೂರನೇ ಒಲೆಗೆ 90,000. ಮೂರೂ ಸೇರಿ 1.85 ಲಕ್ಷ. ಮೂರು ಗಂಟೆ ಹಿಡಿಯುತ್ತಿದ್ದ ಕೊಪ್ಪರಿಗೆ ಈಗ ಎರಡೂಕಾಲರಲ್ಲಿ ಇಳಿಯುತ್ತದೆ. ಸೌದೆ ತರಿಸಿ ಎರಡು ವರ್ಷವಾಯಿತು, ಪ್ರತಿ ಕೊಪ್ಪರಿಗೆಗೆ 40, 50 ಕೆಜಿ ರಚ್ಚು ಮಿಗುತ್ತದೆ. ಹೆಚ್ಚುಕಮ್ಮಿ ಒಂದು ಸೀಸನ್‌ಗೇ ದುಡ್ಡು ವಾಪಸ್ ಬಂತು. ಚಿಕ್ಕಪ್ಪ ಹೋದ ತಿಂಗಳು ಬಂದು ಚಿಮಣಿ ಸುತ್ತ ಎರಡು ಸುತ್ತು ಹಾಕಿ, "ಇಟ್ಗೆ ಎಲ್ಲಿ ತಂದೆ?" ಅಂತಷ್ಟೇ ಕೇಳಿದರು.

ಮಳೆಗಾಲದ ಒದ್ದೆ ರಚ್ಚಿನದ್ದೊಂದು ಇನ್ನೂ ಬಗೆಹರಿದಿಲ್ಲ. ಉರಿಯ ಒಂದು ಪಾಲು ರಚ್ಚಿನ ನೀರು ಆರಿಸಲಿಕ್ಕೇ ಹೋಗುತ್ತದೆ. ಮಿಕ್ಕ ಹೊಗೆಯ ದಾರಿಯಲ್ಲಿ ರಚ್ಚು ಒಣಗಿಸಲು ಹೋಗಿ ಹೋದ ಆಷಾಢದಲ್ಲಿ ಒಂದು ಗಾಡಿ ರಚ್ಚು ಸುಟ್ಟುಕೊಂಡೆ.