‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂಬ ಮಾತನ್ನು ಬಿಟ್ಟ ಮೇಲೆ

ಇಂಧನ ವಲಯವನ್ನು ಮಾರುಕಟ್ಟೆಯ ಪಾಡಿಗೆ ಬಿಡಬಾರದು ಎಂಬುದು ಅಂದಿನ ಚರ್ಚಾಸ್ಪರ್ಧೆಯ ವಿಷಯ. ನಾನು ಪರವಾಗಿ ಮಾತನಾಡಬೇಕಿತ್ತು. ಕೊನೆಯ ನಿಮಿಷಕ್ಕೆಂದೇ ಒಂದು ಸಂಖ್ಯೆಯನ್ನು ಕಾಯ್ದಿರಿಸಿಕೊಂಡಿದ್ದೆ. ಕಲ್ಲಿದ್ದಲು, ತೈಲ, ಅನಿಲಗಳಿಗೆ 2022ರಲ್ಲಿ ಜಗತ್ತಿನಾದ್ಯಂತ ಸಿಕ್ಕ ಸಬ್ಸಿಡಿ 7 ಲಕ್ಷ ಕೋಟಿ ಡಾಲರ್ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ ಅಂದಾಜು ಮಾಡಿದೆ ಎಂದು ಹೇಳಿ ಕುಳಿತೆ. ಸಭೆಯಲ್ಲಿ ಗುಸುಗುಸು ಎದ್ದಿತು. ಗೆದ್ದೆ ಎಂದುಕೊಂಡೆ.

ಎದುರು ಪಕ್ಷದ ಹುಡುಗಿ ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ. "ಅಧ್ಯಕ್ಷರೇ, ಈ 7 ಲಕ್ಷ ಕೋಟಿಯಲ್ಲಿ ನೇರ ಸಬ್ಸಿಡಿ ಎಷ್ಟು ಎಂಬುದನ್ನು ಅವರು ದಯವಿಟ್ಟು ತಿಳಿಸಲಿ."

ನನ್ನ ಬಳಿ ಉತ್ತರ ಇರಲಿಲ್ಲ, ಅವಳ ಬಳಿ ಇತ್ತು. ಸುಮಾರು 1.3 ಲಕ್ಷ ಕೋಟಿ. ಉಳಿದದ್ದು ಯಾರೂ ಎಣಿಸಿ ಕೊಟ್ಟ ಹಣವಲ್ಲ. ಹೊಗೆಯಿಂದ ಕೆಟ್ಟ ಆರೋಗ್ಯ, ಹವಾಮಾನಕ್ಕೆ ಆದ ಹಾನಿ, ಹಾಕಬೇಕಾಗಿದ್ದೂ ಹಾಕದೆ ಬಿಟ್ಟ ತೆರಿಗೆ, ಇಂಥವುಗಳಿಗೆಲ್ಲ ಬೆಲೆ ಕಟ್ಟಿ ಕೂಡಿಸಿದ ಮೊತ್ತ ಅದು. ಅಂದು ನಾವು ಸೋತೆವು. ಸೋಲಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ: ಆ ಉಳಿದ ಭಾಗವೇ ನಮ್ಮ ಪಕ್ಷದ ಅತ್ಯಂತ ಬಲವಾದ ವಾದವಾಗಿತ್ತು. ಇಂಧನದ ನಿಜವಾದ ಬೆಲೆಯನ್ನು ಕೊಳ್ಳುವವನೂ ಕೊಡುತ್ತಿಲ್ಲ, ಮಾರುವವನೂ ಕೊಡುತ್ತಿಲ್ಲ. ಪಕ್ಕದಲ್ಲಿ ಉಸಿರಾಡುವವನು ತನ್ನ ಶ್ವಾಸಕೋಶದಿಂದ ಕೊಡುತ್ತಿದ್ದಾನೆ. ಹಾನಿ ಮಾಡುವವನಿಂದಲೇ ಹಾನಿಯ ಬೆಲೆಯನ್ನು ತೆರಿಗೆಯಾಗಿ ವಸೂಲು ಮಾಡಬಹುದು ಎಂದು ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ವಾದಿಸಿದ್ದರು. ಅಷ್ಟು ಗಟ್ಟಿ ನೆಲ ಕಾಲಡಿಯಲ್ಲಿದ್ದರೂ ಸಂಖ್ಯೆಯ ದೊಡ್ಡತನವನ್ನು ನಂಬಿ ನಾನು ಜಾರಿಬಿದ್ದಿದ್ದೆ.

ಅಂದಿನಿಂದ ಭಾಷಣದ ಟಿಪ್ಪಣಿ ಕಾರ್ಡು ಬರೆಯುವ ಕ್ರಮವನ್ನೇ ಬದಲಿಸಿದೆ. ಒಂದು ಬದಿಯಲ್ಲಿ ಸಂಖ್ಯೆ; ಮಗುಚಿದರೆ ಇನ್ನೊಂದು ಬದಿಯಲ್ಲಿ ‘ಏನನ್ನು ಎಣಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ’ ಎಂಬ ಎರಡು ಸಾಲು. ಹಿಂಬದಿ ಖಾಲಿ ಇರುವ ಕಾರ್ಡು ವೇದಿಕೆಗೆ ಬರುವುದಿಲ್ಲ. ಈಗ ನಾನು ಮಾತನಾಡುವುದಕ್ಕಿಂತ ಹೆಚ್ಚಾಗಿ ಕಿರಿಯರನ್ನು ತಯಾರು ಮಾಡುತ್ತೇನೆ. ಅವರಿಗೂ ಇದೇ ನಿಯಮ.

ಎರಡನೆಯ ನಿಯಮ ಒಂದು ವಾಕ್ಯದ ಮೇಲಿನ ನಿಷೇಧ. ‘ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು.’ ನಾವೆಲ್ಲ ಪತ್ರಿಕೆಯಲ್ಲಿ, ಭಾಷಣದಲ್ಲಿ, ಮನವಿಪತ್ರದಲ್ಲಿ ಕೇಳುತ್ತಲೇ ಬೆಳೆದ ಮಾತು. ಅದರಲ್ಲಿ ಕ್ರಿಯಾಪದ ಇದೆ, ಕ್ರಿಯೆ ಇಲ್ಲ. ನಾನು ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಏಳು ಕ್ರಿಯಾಪದ ಬರೆದಿಟ್ಟೆ: ತೆರಿಗೆ ಹಾಕು, ಹಣ ಕೊಡು, ನಿಷೇಧಿಸು, ಬೆಲೆ ಕಟ್ಟಿಹಾಕು, ತಾನೇ ನಡೆಸು, ದಾಸ್ತಾನು ಮಾಡು, ಒಪ್ಪಂದ ಮಾಡಿಕೊ. ಸ್ವಲ್ಪ ದಿನಗಳ ನಂತರ ಎಂಟನೆಯದನ್ನು ಸೇರಿಸಿದೆ: ಸುಮ್ಮನಿರು. ಸುಮ್ಮನಿರುವುದೂ ಸರ್ಕಾರದ ಒಂದು ನಿರ್ಧಾರವೇ. ಅದಕ್ಕೂ ಯಾರೋ ಬೆಲೆ ತೆರುತ್ತಾರೆ. ವಾದ ಮಂಡಿಸುವವರು ಈ ಎಂಟರಲ್ಲಿ ಒಂದನ್ನು ಆರಿಸಿಕೊಳ್ಳದೆ ‘ಸರ್ಕಾರ’ ಎಂಬ ಪದವನ್ನು ಉಚ್ಚರಿಸುವಂತಿಲ್ಲ.

ಈ ಪಟ್ಟಿಯ ಉಪಯೋಗ ನನಗೆ ಮೊದಲು ಸ್ಪಷ್ಟವಾದದ್ದು 1973ರ ತೈಲ ಬಿಕ್ಕಟ್ಟಿನ ಅಭ್ಯಾಸದಲ್ಲಿ. ಆ ಅಕ್ಟೋಬರ್‌ನಲ್ಲಿ ಅರಬ್ ತೈಲ ದೇಶಗಳು ಅಮೆರಿಕ ಮೊದಲಾದ ರಾಷ್ಟ್ರಗಳಿಗೆ ತೈಲ ಕೊಡುವುದನ್ನು ನಿಲ್ಲಿಸಿದವು. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್‌ನ ಹತ್ತಿರ ಬಂತು. ನಾನು ಎರಡೂ ಪಕ್ಷಗಳಿಗೆ ಇದೊಂದೇ ಘಟನೆಯನ್ನು ಕೊಟ್ಟು, ಬೇರೆ ಯಾವ ಉದಾಹರಣೆಯನ್ನೂ ಬಳಸಬೇಡಿ ಎಂದೆ.

ಪರ ಪಕ್ಷದವರು ‘ದಾಸ್ತಾನು ಮಾಡು’ ಎಂಬುದನ್ನು ಹಿಡಿದರು. 1974ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿತು. ಸದಸ್ಯ ದೇಶಗಳು 90 ದಿನಗಳ ನಿವ್ವಳ ಆಮದಿಗೆ ಸಮನಾದ ತೈಲವನ್ನು ಕೂಡಿಟ್ಟುಕೊಳ್ಳಬೇಕೆಂಬ ನಿಯಮ ಬಂತು. ಯಾವ ಖಾಸಗಿ ಕಂಪನಿಯೂ ಎಂದೋ ಬರಬಹುದಾದ ಯುದ್ಧಕ್ಕಾಗಿ ಮೂರು ತಿಂಗಳ ತೈಲವನ್ನು ಸುಮ್ಮನೆ ಹೂತಿಡುವುದಿಲ್ಲ ಎಂಬುದು ಅವರ ವಾದ. ಅದೇ 1974ರಲ್ಲಿ ಫ್ರಾನ್ಸ್ ಪರಮಾಣು ಸ್ಥಾವರಗಳ ದೊಡ್ಡ ಯೋಜನೆಗೆ ಕೈಹಾಕಿದ್ದನ್ನೂ ತಂದರು.

ವಿರೋಧ ಪಕ್ಷದವರು ಅದೇ ಬಿಕ್ಕಟ್ಟಿನಿಂದ ‘ಬೆಲೆ ಕಟ್ಟಿಹಾಕು’ ಎಂಬುದನ್ನು ಎತ್ತಿಕೊಂಡರು. ಅಮೆರಿಕದಲ್ಲಿ 1971ರಿಂದಲೇ ಬೆಲೆ ನಿಯಂತ್ರಣ ಇತ್ತು. ಬೆಲೆ ಏರಲು ಬಿಡಲಿಲ್ಲ, ಹಂಚಿಕೆಯನ್ನೂ ಸರ್ಕಾರವೇ ಕೈಗೆತ್ತಿಕೊಂಡಿತು. ಕೊರತೆ ಬೆಲೆಯಲ್ಲಿ ಕಾಣುವ ಬದಲು ಪೆಟ್ರೋಲ್ ಬಂಕ್‌ಗಳ ಮುಂದಿನ ಸಾಲಿನಲ್ಲಿ ಕಂಡಿತು. ಆ ನಿಯಂತ್ರಣ ಪೂರ್ತಿಯಾಗಿ ಹೋದದ್ದು 1981ರ ಜನವರಿಯಲ್ಲಿ.

ಎರಡೂ ಕಡೆಯವರು ಸತ್ಯವನ್ನೇ ಹೇಳುತ್ತಿದ್ದರು. ಬಿಕ್ಕಟ್ಟು ಒಂದೇ, ಸರ್ಕಾರವೂ ಒಂದೇ ಇರಬಹುದು, ಕ್ರಿಯಾಪದ ಬೇರೆ. ದಾಸ್ತಾನು ಮಾಡುವ ಸರ್ಕಾರವನ್ನು ಬೆಂಬಲಿಸಿ, ಬೆಲೆ ಕಟ್ಟಿಹಾಕುವ ಸರ್ಕಾರವನ್ನು ವಿರೋಧಿಸುವುದರಲ್ಲಿ ಯಾವ ವಿರೋಧಾಭಾಸವೂ ಇಲ್ಲ. ಇದು ತಿಳಿದ ಮೇಲೆ ನಮ್ಮ ಅಭ್ಯಾಸದ ಕೋಣೆಯಲ್ಲಿ ಕೂಗಾಟ ಕಡಿಮೆಯಾಯಿತು, ಓದು ಹೆಚ್ಚಾಯಿತು.

ಓದು ಎಂದೆ. ವ್ಯಾಪಾರದ ವಿಷಯಕ್ಕೆ ಬಂದಾಗ ನಾನು ಪಟ್ಟುಹಿಡಿಯುವುದು ಮೂಲ ತೀರ್ಪನ್ನು ಓದುವುದರ ಬಗ್ಗೆ. ಸೀಗಡಿ ಮತ್ತು ಕಡಲಾಮೆಯ ವ್ಯಾಜ್ಯವನ್ನೇ ನೋಡಿ. ಸೀಗಡಿ ಹಿಡಿಯುವ ಬಲೆಗೆ ಆಮೆಗಳು ಸಿಕ್ಕಿ ಸಾಯುತ್ತವೆ. ಆಮೆ ತಪ್ಪಿಸಿಕೊಂಡು ಹೋಗಲು ಬಲೆಯಲ್ಲಿ ಒಂದು ಸಾಧನ ಇರಬೇಕು, ಇಲ್ಲದ ದೇಶಗಳ ಸೀಗಡಿ ನಮಗೆ ಬೇಡ ಎಂದು ಅಮೆರಿಕ ನಿಷೇಧ ಹೇರಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ದೂರು ಕೊಟ್ಟವು. 1998ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಮೇಲ್ಮನವಿ ಮಂಡಳಿ ಅಮೆರಿಕದ ವಿರುದ್ಧ ತೀರ್ಪು ಕೊಟ್ಟಿತು.

ಚರ್ಚಾಕೂಟಗಳಲ್ಲಿ ನಾನು ಎಷ್ಟೋ ಸಲ ಕೇಳಿದ್ದು: ‘ನೋಡಿ, ವ್ಯಾಪಾರದ ನಿಯಮ ಬಂದರೆ ಪರಿಸರ ಸೋಲುತ್ತದೆ.’ ನಾನೂ ಹೀಗೆಯೇ ಹೇಳಿದ್ದೆ. ತೀರ್ಪನ್ನು ಕೂತು ಓದಿದಾಗ ಮಂಡಳಿ ಹೇಳಿದ್ದು ಅದಲ್ಲ ಎಂದು ಗೊತ್ತಾಯಿತು. ಆಮೆಯನ್ನು ಉಳಿಸುವ ಉದ್ದೇಶಕ್ಕೆ ದೇಶಗಳ ನಡುವಿನ ವ್ಯಾಪಾರದ ನಿಯಮಗಳಿರುವ ಹಳೆಯ ಗ್ಯಾಟ್ ಒಪ್ಪಂದದ ಇಪ್ಪತ್ತನೆಯ ವಿಧಿಯಲ್ಲಿ ಜಾಗ ಇದೆ ಎಂದೇ ಅದು ಒಪ್ಪಿತ್ತು. ತಪ್ಪು ಕಂಡದ್ದು ನಡೆದುಕೊಂಡ ರೀತಿಯಲ್ಲಿ. ಕೆರಿಬಿಯನ್ ಮತ್ತು ಪಶ್ಚಿಮ ಅಟ್ಲಾಂಟಿಕ್ ಭಾಗದ ದೇಶಗಳಿಗೆ ಹೊಂದಿಕೊಳ್ಳಲು ಮೂರು ವರ್ಷ ಕೊಟ್ಟಿದ್ದ ಅಮೆರಿಕ, ದೂರು ಕೊಟ್ಟ ದೇಶಗಳಿಗೆ ಕೊಟ್ಟದ್ದು ನಾಲ್ಕು ತಿಂಗಳು. ಅವರೊಂದಿಗೆ ಮಾತುಕತೆ ನಡೆಸಿತ್ತು, ಇವರೊಂದಿಗೆ ಗಂಭೀರವಾಗಿ ನಡೆಸಿರಲಿಲ್ಲ. ಅಮೆರಿಕ ತನ್ನ ಕ್ರಮವನ್ನು ತಿದ್ದಿಕೊಂಡ ಮೇಲೆ ಮಲೇಷ್ಯಾ ಮತ್ತೆ ಪ್ರಶ್ನಿಸಿತು. 2001ರಲ್ಲಿ ಮಂಡಳಿ ಅಮೆರಿಕದ ಪರವಾಗಿ ನಿಂತಿತು. ಆಮೆಯ ರಕ್ಷಣೆ ಉಳಿಯಿತು.

ಮೂರು ವರ್ಷ, ನಾಲ್ಕು ತಿಂಗಳು. ಈ ಎರಡು ಅವಧಿಗಳನ್ನು ನಾನು ಒಂದೇ ಕಾರ್ಡಿನಲ್ಲಿ ಅಕ್ಕಪಕ್ಕ ಬರೆದಿಟ್ಟಿದ್ದೇನೆ. ಪರಿಸರದ ಹೆಸರಿನಲ್ಲಿ ಯಾವ ದೇಶ ಗಡಿಯಲ್ಲಿ ಯಾವ ನಿಯಮ ತಂದರೂ ಆ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ. ಎಲ್ಲರಿಗೂ ಒಂದೇ ಗಡುವೇ? ಮಾತುಕತೆಗೆ ಕರೆದರೇ?

ಸೌರಫಲಕದ ಕಥೆಯಲ್ಲಿ ಹುಡುಗರು ನನ್ನೊಂದಿಗೆ ಜಗಳಕ್ಕೇ ಇಳಿಯುತ್ತಾರೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1954ರಲ್ಲಿ ಬಳಕೆಗೆ ಬರುವಂಥ ಮೊದಲ ಸಿಲಿಕಾನ್ ಸೌರಕೋಶ ತಯಾರಾಯಿತು, ಖಾಸಗಿ ಸಂಸ್ಥೆಯಲ್ಲಿ. ಅದನ್ನು 1958ರಲ್ಲಿ ವ್ಯಾನ್‌ಗಾರ್ಡ್ 1 ಉಪಗ್ರಹಕ್ಕೆ ಜೋಡಿಸಿದ್ದು ಸರ್ಕಾರದ ಯೋಜನೆ. 2000ದಲ್ಲಿ ಜರ್ಮನಿ ಕಾನೂನು ಮಾಡಿ, ಸೌರವಿದ್ಯುತ್ತಿಗೆ ಇಪ್ಪತ್ತು ವರ್ಷಗಳ ನಿಗದಿತ ದರ ಕೊಟ್ಟಿತು. ಆ ಹಣ ಅಲ್ಲಿನ ಬಳಕೆದಾರರ ವಿದ್ಯುತ್ ಬಿಲ್ಲಿನಿಂದ ಬಂತು. ಬೇಡಿಕೆ ಹುಟ್ಟಿತು, ಕಾರ್ಖಾನೆಗಳು ಎದ್ದದ್ದು ಚೀನಾದಲ್ಲಿ, ಅಲ್ಲಿನ ಸರ್ಕಾರದ ಬೆಂಬಲದೊಂದಿಗೆ. ಫಲಕ ತಯಾರಿಕೆಯ ಪ್ರತಿಯೊಂದು ಹಂತದಲ್ಲೂ ಚೀನಾದ ಪಾಲು ಶೇ 80ನ್ನು ದಾಟಿದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ವರದಿ ಮಾಡಿತು.

"ಹಾಗಾದರೆ ಜರ್ಮನಿ ಸೋತಿತಲ್ಲವೇ?" ಎಂದು ಒಬ್ಬ ಕೇಳಿದ. ಉದ್ಯಮ ಕಟ್ಟುವುದೇ ಗುರಿಯಾಗಿದ್ದರೆ ಸೋತಿತು. ಫಲಕ ಅಗ್ಗವಾಗಬೇಕೆಂಬುದು ಗುರಿಯಾಗಿದ್ದರೆ, ಒಂದು ದೇಶದ ಬಳಕೆದಾರರು ಇಡೀ ಜಗತ್ತಿಗೆ ಇಂಥ ಉಪಕಾರ ಮಾಡಿದ ಉದಾಹರಣೆ ಅಪರೂಪ. ನನ್ನ ನಿಲುವು ಎರಡನೆಯದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದೇ ದೇಶದ ಕೈಯಲ್ಲಿ ಅಷ್ಟು ಪಾಲು ಸೇರಿದರೆ ಏನಾಗುತ್ತದೆ ಎಂಬ ಅವನ ಮರುಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲು ಆಗುವುದಿಲ್ಲ. ಮೋಟಾರಿನ ಆಯಸ್ಕಾಂತಗಳಂಥವಕ್ಕೆ ಬೇಕಾದ ವಿರಳ ಲೋಹಗಳ (ರೇರ್ ಅರ್ತ್) ರಫ್ತನ್ನು ಚೀನಾ 2010ರಲ್ಲಿ ಬಿಗಿ ಮಾಡಿತು, 2012ರಲ್ಲಿ ವ್ಯಾಪಾರ ಸಂಘಟನೆಯಲ್ಲಿ ದೂರು ದಾಖಲಾಯಿತು. 2014ರಲ್ಲಿ ಚೀನಾದ ವಿರುದ್ಧ ತೀರ್ಪು ಬಂತು, ಅದು ಕೋಟಾಗಳನ್ನು ತೆಗೆಯಿತು. 2025ರ ಏಪ್ರಿಲ್‌ನಲ್ಲಿ ಏಳು ವಿರಳ ಲೋಹಗಳ ರಫ್ತಿಗೆ ಮತ್ತೆ ಪರವಾನಗಿಯ ಕಟ್ಟುಪಾಡು ಬಂದಾಗ ಪರಿಸ್ಥಿತಿ ಬೇರೆಯಾಗಿತ್ತು. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದ ಕಾರಣ 2019ರ ಡಿಸೆಂಬರ್‌ನಿಂದ ಮೇಲ್ಮನವಿ ಮಂಡಳಿ ಕೆಲಸವನ್ನೇ ನಿಲ್ಲಿಸಿದೆ. ಕಟ್ಟಳೆ ಇದೆ, ಕೇಳುವ ಪೀಠ ಇಲ್ಲ. ಜಾಗತಿಕ ಬಲಾಬಲದ ಬಗ್ಗೆ ಯಾರಾದರೂ ದೊಡ್ಡ ದೊಡ್ಡ ಪದಗಳಲ್ಲಿ ಮಾತು ಶುರುಮಾಡಿದರೆ, ನಾನು ಮೊದಲು ಈ ಖಾಲಿ ಪೀಠವನ್ನು ನೆನಪಿಸುತ್ತೇನೆ.

ಒಪ್ಪಂದವೊಂದು ನಿಜವಾಗಿ ನಡೆಯಬೇಕಾದರೆ ಏನಿರಬೇಕು ಎಂಬುದಕ್ಕೆ ನಾನು ಕೊಡುವ ಉದಾಹರಣೆ 1987ರ ಮಾಂಟ್ರಿಯಲ್ ಒಪ್ಪಂದ. ಓಝೋನ್ ಪದರವನ್ನು ಕೊರೆಯುವ ರಾಸಾಯನಿಕಗಳನ್ನು ಹಂತಹಂತವಾಗಿ ನಿಲ್ಲಿಸುವ ಒಪ್ಪಂದ ಅದು. ಸಹಿ ಹಾಕದ ದೇಶಗಳೊಂದಿಗೆ ಆ ರಾಸಾಯನಿಕಗಳ ವ್ಯಾಪಾರಕ್ಕೆ ಅದರಲ್ಲೇ ತಡೆ ಇತ್ತು. 1990ರಲ್ಲಿ ಬಡ ದೇಶಗಳ ಬದಲಾವಣೆಯ ಖರ್ಚಿಗೆ ನಿಧಿಯೂ ಬಂತು. ದಾನವೂ ಇತ್ತು, ದಂಡವೂ ಇತ್ತು. ಜಗತ್ತಿನ ಎಲ್ಲ ದೇಶಗಳೂ ಒಳಬಂದವು.

ಇಷ್ಟೆಲ್ಲ ಹೇಳುವಾಗ ನಾನು ಸರ್ಕಾರದ ಕಡೆಗೆ ವಾಲುವವನೆಂದು ಓದುಗರಿಗೆ ಅನ್ನಿಸಿದ್ದರೆ ಅದು ಸರಿಯೇ. ಅದಕ್ಕಾಗಿಯೇ ಪ್ರತಿ ಚರ್ಚೆಯ ಹಿಂದಿನ ದಿನ ಎದುರು ಪಕ್ಷದ ಭಾಷಣವನ್ನು ನಾನೇ ಬರೆಯುತ್ತೇನೆ. ಪೂರ್ವಪಕ್ಷವನ್ನು ಎದುರಾಳಿಯೇ ತಲೆದೂಗುವಂತೆ ಹೇಳಲು ಬಾರದವನಿಗೆ ಖಂಡಿಸುವ ಅಧಿಕಾರ ಇಲ್ಲ. ಹಾಗೆ ಬರೆಯುತ್ತ ಕುಳಿತ ಒಂದು ರಾತ್ರಿ ಮಧ್ಯ ಏಷ್ಯಾದ ಅರಲ್ ಸಮುದ್ರದ ಉಪಗ್ರಹ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಸಾಲಾಗಿ ಹರಡಿಕೊಂಡು ನೋಡಿದೆ. 1960ರ ದಶಕದಿಂದ ಸೋವಿಯತ್ ಆಡಳಿತ ಹತ್ತಿ ಬೆಳೆಗಾಗಿ ಅಮು ಮತ್ತು ಸಿರ್ ನದಿಗಳ ನೀರನ್ನು ತಿರುಗಿಸಿತು. ಒಂದು ಕಾಲಕ್ಕೆ ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರವಾಗಿದ್ದದ್ದು ಚಿತ್ರದಿಂದ ಚಿತ್ರಕ್ಕೆ ಕುಗ್ಗಿ, ಹರಿದು, ತುಂಡು ತುಂಡಾಗಿ, ಉಪ್ಪಿನ ಬಿಳಿ ಬಯಲಾಗುತ್ತ ಹೋಗುತ್ತದೆ. ಲಾಭಕೋರ ಕಂಪನಿ ಯಾವುದೂ ಅಲ್ಲಿರಲಿಲ್ಲ. ಮಾರುಕಟ್ಟೆಯೂ ಇರಲಿಲ್ಲ. ಯೋಜನೆ ಇತ್ತು, ಗುರಿ ಇತ್ತು; ‘ತಪ್ಪಾಗುತ್ತಿದೆ, ನಿಲ್ಲಿಸಿ’ ಎಂದು ಹೇಳಿ ನಿಲ್ಲಿಸಬಲ್ಲವರು ಮಾತ್ರ ಇರಲಿಲ್ಲ. ಬಹಳ ಹೊತ್ತು ನನಗೆ ಬರೆಯಲು ಆಗಲಿಲ್ಲ.

ಮರುದಿನದಿಂದ ನಮ್ಮ ಕಾರ್ಡಿಗೆ ಮೂರನೆಯ ಸಾಲು ಸೇರಿತು: ‘ತಪ್ಪಾದರೆ ಹಿಂದಿರುಗುವ ದಾರಿ ಯಾವುದು?’ ಅತ್ಯಂತ ಕಷ್ಟದ ಸಾಲು ಇದು. ಫ್ರಾನ್ಸ್‌ನಲ್ಲಿ 2018ರ ನವೆಂಬರ್‌ನಲ್ಲಿ ಇಂಧನ ತೆರಿಗೆಯ ಏರಿಕೆಯ ವಿರುದ್ಧ ಹಳದಿ ಅಂಗಿ ತೊಟ್ಟ ಪ್ರತಿಭಟನಕಾರರು ರಸ್ತೆಗಿಳಿದರು. ಸರ್ಕಾರ ಆ ಏರಿಕೆಯನ್ನು ಕೈಬಿಟ್ಟಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2008ರಲ್ಲಿ ಇಂಗಾಲದ ತೆರಿಗೆ ತಂದಾಗ, ಬಂದ ಹಣವನ್ನು ಬೇರೆ ತೆರಿಗೆಗಳನ್ನು ಇಳಿಸಿ ಜನರಿಗೇ ಮರಳಿಸುವ ಏರ್ಪಾಡು ಮಾಡಿತ್ತು. ತೆರಿಗೆ ಹಾಕುವವರು ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು ಎಂದು ನಾನು ಈಗ ಹಟ ಹಿಡಿಯುತ್ತೇನೆ.

ಈ ವಾರದ ಅಭ್ಯಾಸಕ್ಕೆ ತೆಗೆದುಕೊಂಡಿರುವುದು ಯುರೋಪ್ ಒಕ್ಕೂಟದ ಗಡಿ ಇಂಗಾಲ ಸುಂಕ. ಸಿಮೆಂಟ್, ಕಬ್ಬಿಣ–ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ವಿದ್ಯುತ್, ಜಲಜನಕ ಅದರ ವ್ಯಾಪ್ತಿಯಲ್ಲಿವೆ. 2023ರ ಅಕ್ಟೋಬರ್‌ನಿಂದ ಲೆಕ್ಕ ಒಪ್ಪಿಸುವ ಹಂತ ನಡೆಯಿತು, 2026ರ ಜನವರಿಯಿಂದ ಹಣ ಕೊಡಬೇಕಾದ ಹಂತ. ಆಮೆಯ ಕಾರ್ಡನ್ನು ಮೇಜಿನ ಮೇಲೆ ಇಟ್ಟೆ. ಪರ ಪಕ್ಷದ ಹುಡುಗ ಎದ್ದ. "ಸರ್ಕಾರಗಳು..." ಎಂದು ಶುರುಮಾಡಿ ತಡೆದ, ಪಟ್ಟಿಯನ್ನು ನೋಡಿದ, ಮತ್ತೆ ಆರಂಭಿಸಿದ: "ಆಮದಾಗುವ ಉಕ್ಕಿನಲ್ಲಿ ಅಡಗಿರುವ ಇಂಗಾಲಕ್ಕೆ, ತನ್ನ ಉಕ್ಕಿನವರು ಕೊಡುವಷ್ಟೇ ಬೆಲೆಯನ್ನು ಯುರೋಪ್ ಒಕ್ಕೂಟ ಹಾಕುತ್ತಿದೆ, ನಾನು ಅದನ್ನು ಸಮರ್ಥಿಸುತ್ತೇನೆ." ವಾದ ಚೆನ್ನಾಗಿ ಬೆಳೆಯಿತು. ಕೊನೆಗೆ ವಿರೋಧ ಪಕ್ಷದ ಹುಡುಗಿ ಕೇಳಿದಳು: "ಬಡ ದೇಶದ ಕಾರ್ಖಾನೆಯ ಮಾಲಿನಿಂದ ಸಂಗ್ರಹವಾದ ಆ ಹಣ ಒಕ್ಕೂಟದ ಬಜೆಟ್‌ಗೆ ಏಕೆ ಹೋಗಬೇಕು? ಆ ಕಾರ್ಖಾನೆಯ ಕುಲುಮೆ ಬದಲಿಸುವುದಕ್ಕೆ ಏಕೆ ಹೋಗಬಾರದು?"

ಮಾಂಟ್ರಿಯಲ್‌ನ ಕಾರ್ಡನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ. ಅವಳೇ ಹುಡುಕಿ ತಂದಿದ್ದಳು. ಹುಡುಗ ಉತ್ತರಕ್ಕೆ ಒಂದು ವಾರ ಸಮಯ ಕೇಳಿದ್ದಾನೆ.