ನೆಟ್ ಇಲ್ಲದೆ, ಸೌಂಡ್ ಇಲ್ಲದೆ ನಡೆದ ನೀರಿನ ಪಾಠ

ಟಿಡಿಎಸ್ ಮೀಟರ್‌ನಿಂದಲೇ ಶುರು ಮಾಡುತ್ತೇನೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಪುಟ್ಟ ಯಂತ್ರ ಅದು. ಶಾಲೆಯಲ್ಲಿ ಕುಡಿಯುವ ನೀರಿನ ಫ್ಲೋರೈಡ್ ಬಗ್ಗೆ ಪಾಠ ಮಾಡಹೊರಟು ನಾನು ಮೊದಲು ಎಡವಿದ್ದು ಅಲ್ಲೇ. ಇನ್ನೂರು ಚಿಲ್ಲರೆ ರೂಪಾಯಿ ಕೊಟ್ಟು ತರಿಸಿದ್ದೆ. ಏಳನೇ ತರಗತಿ ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತಂದರು, ಮೀಟರ್ ಅದ್ದಿದೆವು, ಬೋರ್ಡಿನ ಮೇಲೆ ನಂಬರ್ ಬರೆದೆವು. ಕಡಿಮೆ ಬಂದವರು ಕುಣಿದರು, ಜಾಸ್ತಿ ಬಂದವರು ಮುಖ ಸಪ್ಪಗೆ ಮಾಡಿಕೊಂಡರು. ಆಮೇಲೆ ಪಂಚಾಯಿತಿಯ ನೀರು ಪರೀಕ್ಷಿಸುವ ಕಿಟ್‌ನಲ್ಲಿ ಫ್ಲೋರೈಡ್ ನೋಡಿದರೆ ಎಲ್ಲ ಉಲ್ಟಾ. ಮೀಟರ್‌ನಲ್ಲಿ ಆರುನೂರರ ಆಸುಪಾಸು ಇದ್ದ ಬೋರ್‌ನಲ್ಲಿ ಫ್ಲೋರೈಡ್ 2 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 2 ಭಾಗ) ದಾಟಿತ್ತು. ಸಾವಿರದ ಮೇಲೆ ತೋರಿಸಿದ್ದ ಬೋರ್‌ನಲ್ಲಿ 1ರ ಹತ್ತಿರ. ಕರಗಿದ ಒಟ್ಟು ಲವಣದ ಅಂದಾಜು ಹೇಳುವ ಮೀಟರ್‌ಗೆ ಸಾವಿರದಲ್ಲಿ ಒಂದೆರಡು ಪಿಪಿಎಂ ಎಲ್ಲಿ ಕಾಣಬೇಕು? ಅದರ ಮೇಲೆ, ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಕರಗಿ ಉಳಿಯುವುದು. ಅಂದರೆ ಒಂದು ವರ್ಷ ಪೂರ್ತಿ ನಾನು ಮಕ್ಕಳಿಗೆ ತಪ್ಪು ಪಾಠ ಮಾಡಿದ್ದೆ.

ನಮ್ಮದು ಪಾವಗಡ ತಾಲ್ಲೂಕು. ಫ್ಲೋರೈಡ್ ಇಲ್ಲಿ ಮಕ್ಕಳು ಬಾಯಿ ತೆರೆದರೆ ಹಲ್ಲಿನ ಕಲೆಯಾಗಿ ಕಾಣುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಥ ಕಡೆ ಇಂಟರ್ನೆಟ್‌ನಲ್ಲಿ ಸಿಗುವ ಸಾಮಗ್ರಿ ಇಟ್ಟುಕೊಂಡು ನೀರು, ಗಾಳಿ, ಕಾಯಿಲೆ ಪಾಠ ಮಾಡುತ್ತೇನೆ ಅಂದಾಗ ಕ್ಲಸ್ಟರ್ ಸಭೆಯಲ್ಲಿ ನಕ್ಕರು. ‘ಸಾರ್, ಟವರೇ ಸಿಗಲ್ಲ, ಇನ್ನು ನಿಮ್ಮ ಇಂಗ್ಲಿಷ್ ವಿಡಿಯೋ ಯಾರಿಗೆ ಬೇಕು?’ ಮೊದಲ ವರ್ಷ ಅವರು ಹೇಳಿದ ಹಾಗೇ ಆಯಿತು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ತಂದು, ನೆಟ್ ಇಲ್ಲದೆ ಪಾಠ ತೋರಿಸುವ ಕೊಲಿಬ್ರಿ ತಂತ್ರಾಂಶ ಹಾಕಿದೆ, ಸುಮಾರು ಆರು ಸಾವಿರ ಹೋಯಿತು. ಕರೆಂಟು ದಿನಕ್ಕೆ ನಾಲ್ಕು ಸಲ ಹೋಗಿ ಬಂದು ಎರಡೇ ತಿಂಗಳಲ್ಲಿ ಮೆಮೊರಿ ಕಾರ್ಡ್ ಕೆಟ್ಟಿತು. ಇನ್ನೊಂದು ಕಾರ್ಡ್ ಹಾಕಿದೆ, ಅದೂ ಹೋಯಿತು. ಮನೆಯವಳು ‘ಆ ದುಡ್ಡಲ್ಲಿ ಒಂದು ಯುಪಿಎಸ್ ಬರ್ತಿತ್ತು’ ಅಂದಳು. ಸರಿಯಾಗೇ ಹೇಳಿದಳು. ಕೊನೆಗೆ ಹಳೇ ಲ್ಯಾಪ್‌ಟಾಪ್ ಒಂಬತ್ತೂವರೆ ಸಾವಿರಕ್ಕೆ, ಎಚ್‌ಡಿಎಂಐ ಕೇಬಲ್ ನೂರೆಂಬತ್ತಕ್ಕೆ. ಟಿವಿ ದಾನಿಗಳು ಕೊಟ್ಟಿದ್ದು ಶಾಲೆಯಲ್ಲೇ ಇತ್ತು. ಇವತ್ತಿಗೂ ನಡೆಯುತ್ತಿರುವುದು ಇಷ್ಟರಲ್ಲೇ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಕರೆಂಟು ಹೋದರೆ ಮಕ್ಕಳನ್ನು ಸುತ್ತ ಕೂರಿಸಿಕೊಳ್ಳುತ್ತೇನೆ.

ಸಾಮಗ್ರಿ ಹುಡುಕುವುದರಲ್ಲೂ ಕೆಟ್ಟೆ. ಅಮೆರಿಕದ ಪರಿಸರ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಇಎಚ್‌ಎಸ್‌ನವರು ಮಕ್ಕಳಿಗಾಗಿ ಮಾಡಿರುವ ಪುಟಗಳು ಚೆನ್ನಾಗಿವೆ, ಪುಕ್ಕಟೆ ಬೇರೆ. ಆದರೆ ಆ ಕಡೆಯ ಪಾಠಗಳೆಲ್ಲ ಹಳೇ ಮನೆಯ ಸೀಸದ ಬಣ್ಣ, ಬೇಸ್‌ಮೆಂಟಿನ (ನೆಲಮಾಳಿಗೆಯ) ರೇಡಾನ್ ಎಂಬ ವಿಕಿರಣ ಅನಿಲದ ಸುತ್ತಲೇ ಜಾಸ್ತಿ ತಿರುಗುತ್ತವೆ. ನಮ್ಮ ಊರಲ್ಲಿ ಬೇಸ್‌ಮೆಂಟ್ ಅಂದರೆ ಮನೆ ಕಟ್ಟೋಕೆ ಹಾಕುವ ಅಡಿಪಾಯ! ಹಾಗಾಗಿ ಅವರ ವಿಷಯ ಬಿಟ್ಟೆ, ಕೇಳುವ ಕ್ರಮ ಇಟ್ಟುಕೊಂಡೆ: ವಿಷ ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಮೈಗೆ ಸೇರಿತು, ಎಷ್ಟು ಸೇರಿತು, ಯಾರಿಗೆ ಜಾಸ್ತಿ. ವಿಡಿಯೋ ಹಾಕಿದರೆ ಸೌಂಡ್ ಬಂದ್. ಮಾತು ನನ್ನದು, ಅರ್ಧ ಕನ್ನಡ, ಅರ್ಧ ತೆಲುಗು. ಮೂರು ನಿಮಿಷಕ್ಕಿಂತ ಜಾಸ್ತಿ ಯಾವುದನ್ನೂ ತೋರಿಸುವುದಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು, ಪರದೆ ಮೇಲೆ ಪ್ರಯೋಗ ಮಾಡಿಸುವ ತಾಣವಾದ ಫೆಟ್‌ನ ಸಾರತೆಯ (ಕಾನ್ಸಂಟ್ರೇಶನ್, ಅಂದರೆ ದ್ರಾವಣ ಎಷ್ಟು ಗಟ್ಟಿ ಅನ್ನುವುದರ) ಸಿಮ್ಯುಲೇಶನ್. ಮನೆಯಲ್ಲಿ ಇಳಿಸಿಕೊಂಡರೆ ಒಂದೇ ಫೈಲು, ಬ್ರೌಸರ್‌ನಲ್ಲಿ ನೆಟ್ ಇಲ್ಲದೆ ಓಡುತ್ತದೆ. ಅದಕ್ಕೂ ಮುಂಚೆ ಶಾಯಿ ಪ್ರಯೋಗ ಮಾಡಿಸಿದ್ದೆ. ಒಂದು ಎಂಎಲ್ ಶಾಯಿಗೆ ಒಂಬತ್ತು ಎಂಎಲ್ ನೀರು, ಅದರಿಂದ ಒಂದು ಎಂಎಲ್ ತೆಗೆದು ಮತ್ತೆ ಒಂಬತ್ತು ನೀರು, ಹೀಗೆ ಆರು ಲೋಟ. ಆರನೇ ಲೋಟ ಒಂದು ಪಿಪಿಎಂ. ನಾಲ್ಕನೆಯದಕ್ಕೇ ಬಣ್ಣ ಹೋದಂತೆ ಕಾಣುತ್ತದೆ. ‘ಶಾಯಿ ಎಲ್ಲಿ ಹೋಯ್ತು?’ ಎಂದು ಕೇಳಿ ಅಲ್ಲಿಗೇ ಬಿಟ್ಟಿದ್ದೆ.

ಮರುದಿನ ಟಿವಿಯಲ್ಲಿ ತೊಟ್ಟಿ, ನಲ್ಲಿ, ಮೀಟರ್. ಆವಿಯಾಗಿಸುವ ಗುಂಡಿ ಎಳೆಯಲು ಒಬ್ಬ ಹುಡುಗನನ್ನು ಕರೆದೆ. ನೀರು ಇಳಿಯಿತು, ಬಣ್ಣ ಗಾಢವಾಯಿತು, ಮೀಟರಿನ ನಂಬರ್ ಏರುತ್ತಾ ಹೋಯಿತು. ಅವನು ಗುಂಡಿ ಬಿಟ್ಟು ನನ್ನ ಕಡೆ ತಿರುಗಿದ. ‘ಸಾರ್, ಹಂಗಾದ್ರೆ ನಮ್ಮಮ್ಮ ದಿನಾ ನೀರು ಕಾಯಿಸ್ತಾರಲ್ಲ?’ ತರಗತಿ ಸುಮ್ಮನಾಯಿತು. ನಮ್ಮ ಕಡೆ ಅರ್ಧ ಊರು ಕಾಯಿಸಿ ಕುಡಿಯುತ್ತದೆ. ರೋಗಾಣು ಸಾಯುತ್ತವೆ, ಆ ಮಟ್ಟಿಗೆ ಒಳ್ಳೆಯದೇ. ಫ್ಲೋರೈಡ್ ಮಾತ್ರ ಆವಿಯಾಗಿ ಹೋಗುವುದಿಲ್ಲ, ಉಳಿದ ನೀರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಇದನ್ನು ನಾನು ಮೂರು ವರ್ಷ ಬಾಯಲ್ಲಿ ಹೇಳಿದ್ದೆ, ಒಬ್ಬರೂ ಮನೆಗೆ ಒಯ್ದಿರಲಿಲ್ಲ. ಆ ಸಂಜೆ ಒಂಬತ್ತೋ ಹತ್ತೋ ಮನೆಗಳಲ್ಲಿ ಇದೇ ಜಗಳವಂತೆ.

ಇನ್ನು ಹಲ್ಲಿನ ವಿಷಯ. ಇದರಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲ ವರ್ಷ ಹೆಸರು ಬರೆದು, ಯಾರ ಹಲ್ಲಿನಲ್ಲಿ ಎಷ್ಟು ಕಲೆ ಅಂತ ಗೋಡೆಗೆ ಚಾರ್ಟ್ ಅಂಟಿಸಿದೆ. ಎಂಟನೆಯ ಒಬ್ಬ ಹುಡುಗಿ ಅಂದಿನಿಂದ ಉತ್ತರ ಹೇಳುವಾಗಲೂ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳಲು ಶುರು ಮಾಡಿದಳು. ಬರೆಯುವಾಗ ಎಡಗೈ ಬಾಯಿ ಮೇಲೆ, ಬಲಗೈಯಲ್ಲಿ ಪೆನ್ನು. ಚಾರ್ಟ್ ಹರಿದು ಹಾಕಿದೆ, ಆದರೆ ಆ ಕೈ ವರ್ಷ ಪೂರ್ತಿ ಇಳಿಯಲಿಲ್ಲ.

ಮಾರನೇ ವರ್ಷ ಇಂಗ್ಲೆಂಡಿನ ವೈದ್ಯ ಜಾನ್ ಸ್ನೋನ ನಕ್ಷೆ ತೋರಿಸಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾದಿಂದ ಸತ್ತವರ ಮನೆಗಳ ಗುರುತು ಅದರಲ್ಲಿದೆ. ಕಥೆ ಹೇಳದೆ, ಯಾವ ಪಂಪಿನ ನೀರು ಕೆಟ್ಟಿದೆ ಅಂತ ಮಾತ್ರ ಕೇಳಿದೆ. ಐದು ನಿಮಿಷದಲ್ಲಿ ಬೆರಳಿಟ್ಟರು. ಆಮೇಲೆ ನಮ್ಮೂರ ನಕ್ಷೆ. ಹೆಸರಿಲ್ಲದ ಚೀಟಿ: ಶಾಲೆಗೆ ಸೇರುವ ಮುಂಚೆ ಯಾವ ಬೋರಿನ ನೀರು ಕುಡಿದಿರಿ, ಹಲ್ಲಿನಲ್ಲಿ ಕಲೆ ಇದೆಯೋ ಇಲ್ಲವೋ. ‘ಶಾಲೆಗೆ ಸೇರುವ ಮುಂಚೆ’ ಅನ್ನುವುದು ಮುಖ್ಯ. ದೊಡ್ಡ ಹಲ್ಲಿನ ಎನಾಮೆಲ್ ಕಟ್ಟುವುದು ಆ ವಯಸ್ಸಿನಲ್ಲಿ. ಇವತ್ತಿನ ಕಲೆ ಅಂದಿನ ನೀರಿನದು. ಚುಕ್ಕಿಯನ್ನು ಮನೆಯ ಹತ್ತಿರ ಇಡದೆ ಬೋರಿನ ಹತ್ತಿರ ಇಟ್ಟೆವು. ಅರವತ್ತರ ಆಸುಪಾಸು ಚೀಟಿ ಬಂದವು. ಕಲೆಯ ಚುಕ್ಕಿಗಳು ಹೆಚ್ಚು ಕಡಿಮೆ ಎಲ್ಲ ಹಳೇ ಕೈಪಂಪೊಂದರ ಸುತ್ತ ಗುಂಪು ಕಟ್ಟಿದವು. ನೀರಗಂಟಿ ಬಂದು ನೋಡಿ ‘ಆ ಬೋರಿಂಗ್ ನೀರು ದನಾನೂ ಕುಡೀತಿರ್ಲಿಲ್ಲ ಸಾರ್’ ಅಂದ. ಮಕ್ಕಳು ಕುಡಿದಿದ್ದರು.

ಕಿಟ್‌ನ ಬಣ್ಣ ಓದುವುದು ಗುಲಾಬಿಯಿಂದ ಹಳದಿಗೆ, ಹಳದಿ ಹೆಚ್ಚಾದಷ್ಟೂ ಫ್ಲೋರೈಡ್ ಹೆಚ್ಚು. ಒಂದೇ ನೀರಿಗೆ ಒಬ್ಬ 1 ಅಂದರೆ ಇನ್ನೊಬ್ಬ 2 ಅನ್ನುತ್ತಿದ್ದ. ಒಂದು ಸಲವಂತೂ ಅವಧಿ ಮುಗಿದ ದ್ರಾವಣ, ಎಲ್ಲ ನೀರಿಗೂ ಒಂದೇ ಬಣ್ಣ ಬಂತು, ಅರ್ಧ ದಿನ ದಂಡ. ಈಗ ಬಾಟಲಿಗೆ ಊರಿನ ಹೆಸರಿಲ್ಲ, ಬರೀ ನಂಬರ್. ನಡುವೆ ಒಂದು ಬಾಟಲಿ, ಫ್ಲೋರೈಡ್ ಇಲ್ಲದಂತೆಯೇ ಇರುವ ಮಳೆನೀರು ಸೇರಿಸಿರುತ್ತೇನೆ, ಯಾವುದೆಂದು ಹೇಳುವುದಿಲ್ಲ. ಇನ್ನೂ ಒಂದು ಉಪಾಯ ಇದೆ, ಅದರಿಂದಲೇ ಓದುವಿಕೆ ಸರಿಹೋಗಿದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ತಾಲ್ಲೂಕು ವಿಜ್ಞಾನ ಮೇಳ ಇನ್ನೂ ಬಾಕಿ ಇದೆ!

ನಡುವೆ ಗಾಳಿಗೂ ಕೈ ಹಾಕಿದೆ. ಊರೂರಿನ ಗಾಳಿಯ ಗುಣಮಟ್ಟ ತೋರಿಸುವ ಸಮೀರ್ ಆ್ಯಪ್ ತೆರೆದರೆ ನಮ್ಮೂರಿನದು ಅಂತ ಒಂದು ನಂಬರ್ರೂ ಇಲ್ಲ. ಬಿಳಿ ಕಾರ್ಡಿಗೆ ವ್ಯಾಸಲೀನ್ ಸವರಿ ಸೌದೆ ಒಲೆ ಹತ್ತಿರ, ಬೇವಿನ ಮರದ ಕೆಳಗೆ, ಹಿಟ್ಟಿನ ಗಿರಣಿಯಲ್ಲಿ ನೇತು ಹಾಕಿದೆವು. ಗಿರಣಿಯ ಕಾರ್ಡಿನಲ್ಲಿ ರಾಗಿ ರೊಟ್ಟಿ ತಟ್ಟಬಹುದಿತ್ತು. ಬೇವಿನ ಮರದ್ದಕ್ಕೆ ಇರುವೆ ಮುತ್ತಿದವು. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುವ 2.5 ಮೈಕ್ರಾನಿನ ಕಣ ಕಾರ್ಡಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹೇಳದೆ ಬಿಟ್ಟರೆ ಟಿಡಿಎಸ್ ಮೀಟರ್ ಕಥೆಯೇ ಮತ್ತೆ.

ಕಳೆದ ವರ್ಷ ಮಕ್ಕಳು ಶುದ್ಧ ನೀರಿನ ಘಟಕದ ನೀರನ್ನೂ ಸುಮ್ನೆ ಸೇರಿಸಿದ್ದರು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತದಲ್ಲ, ಅದೇ. ನಮ್ಮ ಲೆಕ್ಕದಲ್ಲಿ ಫ್ಲೋರೈಡ್ 1 ಮತ್ತು 1.5ರ ನಡುವೆ ಬಂತು. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಪ್ರಕಾರ 1ರ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಮಾತ್ರ 1.5ರವರೆಗೆ. ಕೇಳಿದವರು ‘ಮಕ್ಕಳಾಟ’ ಅಂದರು. ಲ್ಯಾಬಿಗೆ ಕಳಿಸಿದೆವು, ಅಲ್ಲೂ ಹತ್ತಿರ ಹತ್ತಿರ ಅಷ್ಟೇ ಬಂತು. ಎರಡು ತಿಂಗಳಾದ ಮೇಲೆ ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಬದಲಾಯಿತು. ಕ್ಲಸ್ಟರ್‌ನಲ್ಲಿ ನಕ್ಕಿದ್ದವರಲ್ಲಿ ಇಬ್ಬರು ಪೆನ್‌ಡ್ರೈವ್ ಕೇಳಿಕೊಂಡು ಬಂದರು, ಕೊಟ್ಟೆ. 32 ಜಿಬಿಯದು, ವಾಪಸ್ ಬಂದಿಲ್ಲ.

ಈಗ ಸಿಕ್ಕಿಬಿದ್ದಿರುವುದು ಚಹಾದಲ್ಲಿ. ಚಹಾ ಗಿಡ ಮಣ್ಣಿನಿಂದ ಫ್ಲೋರೈಡ್ ಎಳೆದು ಎಲೆಯಲ್ಲಿ ಸೇರಿಸಿಡುತ್ತದೆ, ನಮ್ಮ ಮಕ್ಕಳೋ ಬೆಳಿಗ್ಗೆ ಚಹಾಕ್ಕೆ ಬನ್ ಅದ್ದಿ ತಿಂದೇ ಬರುವವರು. ಡಿಕಾಕ್ಷನ್ ಪರೀಕ್ಷೆ ಮಾಡೋಣ ಅಂದರೆ ಅದರ ಬಣ್ಣವೇ ಹಳದಿ, ಕಿಟ್ ಓದಲು ಬಿಡುವುದಿಲ್ಲ. ಇದ್ದಿಲು ಹಾಕಿ ಬಣ್ಣ ತೆಗೆದರೆ ಅದು ಫ್ಲೋರೈಡನ್ನೂ ಹಿಡಿದುಬಿಟ್ಟರೆ? ಯಾರಾದರೂ ಮಾಡಿ ನೋಡಿದ್ದರೆ ಹೇಳಿ.