ಹಾವೂ ಉಳಿಯಿತು, ಬ್ಲೂಬರ್ಡ್ ಮರಿಗಳೂ ಹಾರಿದವು

ಈ ಸಲ ಹಿತ್ತಲಿನಲ್ಲಿ ಹಕ್ಕಿ ಗೂಡು ಕಟ್ಟಲೆಂದು ಕಂಬಿಯ ಮೇಲಿಟ್ಟ ಎರಡೂ ಪೆಟ್ಟಿಗೆಗಳಿಂದ ಬ್ಲೂಬರ್ಡ್ ಮರಿಗಳು ಹಾರಿಹೋದವು. ಕರಿ ರ‍್ಯಾಟ್ ಸ್ನೇಕ್ ಇನ್ನೂ ಶೆಡ್ಡಿನ ಕೆಳಗೇ ಇದೆ. "ಹಾವು ಹೊಡೆಯದೆ ಹಕ್ಕಿ ಉಳಿಯಲ್ಲ ಸಾರ್" ಅಂತಿದ್ದ ಇಲ್ಲಿನ, ಅಂದರೆ ಅಮೆರಿಕದ ನಾರ್ತ್ ಕೆರೊಲೈನಾದ, ಗೆಳೆಯರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಹೊಡೆಯೋಕೆ ಕಾರಣವೇ ಇರಲಿಲ್ಲ. ಅದಕ್ಕೆ ವಿಷ ಇಲ್ಲ. ಶೆಡ್ಡಿನಲ್ಲಿ ಇಲಿ ಕಾಟ ತಗ್ಗಿದ್ದೇ ಅದು ಬಂದ ಮೇಲೆ. ಇಲಿ, ಚಿಪ್‌ಮಂಕ್, ಅಳಿಲು, ಸಿಕ್ಕರೆ ಮೊಟ್ಟೆ, ಮರಿಹಕ್ಕಿ, ಇವೇ ಅದರ ಊಟ. ನಮ್ಮೂರ ಕೇರೆಯ ಹಾಗಲ್ಲ, ಇದು ಸುತ್ತಿ ಬಿಗಿದು ಕೊಂದು ನುಂಗುತ್ತದೆ. ಹತ್ತುವುದರಲ್ಲಂತೂ ಎತ್ತಿದ ಕೈ. ಹೊಟ್ಟೆಯ ಹುರುಪೆಗಳ ಅಂಚನ್ನು ತೊಗಟೆಗೆ ಒತ್ತಿ ನೇರ ಮೇಲೇರುತ್ತದೆ. ರಕೂನ್ ಅನ್ನೋ ಇಲ್ಲಿನ ಕಾಡುಪ್ರಾಣಿ ಬಂದರೆ ಗೂಡನ್ನೇ ಎಳೆದು ಹಾಕುತ್ತದೆ. ಹಾವು ರಾತ್ರಿ ಬಂದು ಹೋದರೆ ಹುಲ್ಲೂ ಕದಡಿರುವುದಿಲ್ಲ, ಮರಿಗಳಷ್ಟೇ ಮಾಯ.

ಹಾವು ಹತ್ತದಿರಲಿ ಅಂತ ಪೆಟ್ಟಿಗೆಯ ಕಂಬಿಗೆ ಗ್ರೀಸ್ ಬಳಿದೆ. ಬಿಸಿಲಿಗೆ ಕರಗಿ ಇಳಿಯಿತು. ಗಂಧಕ, ನುಸಿಗುಳಿಗೆ ಎಲ್ಲಾ ದುಡ್ಡು ದಂಡ. ತೋಟದ ಬಲೆಯಂತೂ ಬೇಡವೇ ಬೇಡ, ಹಾವು ಸಿಕ್ಕಿಕೊಂಡು ಸಾಯುತ್ತದೆ. ಸುಮಾರು 30 ಡಾಲರ್ ಕೊಟ್ಟು ತಂದು ಕಂಬಿಗೆ ಸಿಕ್ಕಿಸಿದ, ಕೊಡೆಯಾಕಾರದ ಅಗಲ ತಗಡಿನ ತಡೆಯನ್ನೂ ದಾಟಿತು. ಐದಡಿ ಹಾವಿಗೆ ಅದ್ಯಾವ ಲೆಕ್ಕ?

ಕೆಲಸ ಮಾಡಿದ್ದು 8 ಇಂಚು ಅಗಲ, ಎರಡಡಿ ಉದ್ದದ ಸ್ಟೋವ್ ಪೈಪ್, ಅಂದರೆ ಒಲೆಯ ಹೊಗೆ ಹೋಗುವ ತಗಡಿನ ಕೊಳವೆ. ಮೇಲ್ಬಾಯಿಗೆ ಅರ್ಧ ಇಂಚಿನ ತಂತಿ ಜಾಲರಿ, ಕೆಳಬಾಯಿ ಖಾಲಿ. ಪೆಟ್ಟಿಗೆಯ ಕೆಳಗೆ, ಕಂಬಿಯ ಸುತ್ತ ಅಲುಗಾಡುವಂತೆ ತೂಗುಹಾಕಿದೆ. ಹಾವು ಕಂಬಿ ಹಿಡಿದು ಒಳಗೇ ಹತ್ತುತ್ತದೆ, ಜಾಲರಿಗೆ ತಲೆ ತಾಗುತ್ತದೆ, ವಾಪಸ್ ಇಳಿಯುತ್ತದೆ. ಒಂದಕ್ಕೆ 20–25 ಡಾಲರ್ ಆಗಿರಬಹುದು. ಜಾಲರಿ ಕಂಬಿಗೆ ಸೇರುವಲ್ಲಿ ಸಂದು ಬಿಟ್ಟರೆ ಎಲ್ಲಾ ಹೋಯಿತು. ಅಲ್ಲಿ ನಾನು ಏನು ತುರುಕಿದ್ದೇನೆ ಅನ್ನೋದು ಮನೆಗೆ ಬಂದು ಕಾಫಿ ಕುಡಿದವರಿಗೆ ಮಾತ್ರ! ಪಕ್ಕದ ಕೊಂಬೆಗಳನ್ನೂ ಕತ್ತರಿಸಿ, ಇಲ್ಲದಿದ್ದರೆ ಹಾವು ಕಂಬಿಯ ತಂಟೆಗೇ ಬರಲ್ಲ, ಕೊಂಬೆಯಿಂದಲೇ ಪೆಟ್ಟಿಗೆಗೆ ದಾಟುತ್ತದೆ.

ನಡುವೆ ಇನ್ನೊಂದು ಆಟ ಆಡಿದೆ. ಗ್ರೇಟ್ ಕ್ರೆಸ್ಟೆಡ್ ಫ್ಲೈಕ್ಯಾಚರ್ ಅನ್ನೋ ಹಕ್ಕಿ ಹಾವಿನ ಪೊರೆ ತಂದು ಗೂಡಿಗೆ ಸೇರಿಸಿಕೊಳ್ಳುತ್ತದಲ್ವಾ? ನಾನೂ ಒಂದು ಖಾಲಿ ಪೆಟ್ಟಿಗೆಗೆ ಪೊರೆ ತೂಗುಹಾಕಿದೆ. ಫ್ಲೈಕ್ಯಾಚರ್ ಬರಲೇ ಇಲ್ಲ, ರೆನ್ ಹಕ್ಕಿ ಬಂದು ಕಡ್ಡಿ ತುಂಬಿತು.

ಪಕ್ಕದ ಮನೆಯವರಿಗೆ ಈಗ ಕೋಳಿಗೂಡಿಗೆ ಉಪಾಯ ಬೇಕಂತೆ. ಒಂದಿಂಚಿನ ಕೋಳಿ ಜಾಲರಿಯಲ್ಲಿ ಹಾವು ಆರಾಮಾಗಿ ನುಸುಳುತ್ತದೆ, ಅರ್ಧ ಇಂಚಿನದೇ ಆಗಬೇಕು ಅಂದೆ. ರೇಟು ಕೇಳಿ ಸದ್ಯಕ್ಕೆ ಸುಮ್ನಾಗಿದ್ದಾರೆ.